ಹಳೆ ಮ್ಯಾಕಿಂಟಾಷನ್ನು ಈಥರ್‌ನೆಟ್‌ಗೆ ಸೇರಿಸುವ ಬಗೆ

ಆಪಲ್‌ನ ಹಳೆ ಕಂಪ್ಯೂಟರ್‌ಗಳಾದ ಮ್ಯಾಕಿಂಟಾಷ್ ಪ್ಲಸ್, ಕ್ಲಾಸಿಕ್‌ನಂಥ ಯಂತ್ರಗಳಲ್ಲಿ ಈಥರ್‌ನೆಟ್ (ಇಂದಿನ ಸಾಮಾನ್ಯ ಕೇಬಲ್ ನೆಟ್‌ವರ್ಕ್) ಇಲ್ಲ. ಪ್ರಿಂಟರ್ ಪೋರ್ಟ್‌ನಲ್ಲಿ ಲೋಕಲ್‌ಟಾಕ್ ಎಂಬ ಆಪಲ್‌ನ ಹಳೆ ನೆಟ್‌ವರ್ಕ್ ಇದೆ, ವೇಗ ಸೆಕೆಂಡಿಗೆ 230.4 ಕಿಲೋಬಿಟ್. ಎರಡನ್ನೂ ಬೆಸೆಯಲು ಅಸಾಂಟೆಟಾಕ್‌ನಂಥ ಬ್ರಿಡ್ಜ್ ಪೆಟ್ಟಿಗೆ ಬೇಕು. ಶಿವಾ ಫಾಸ್ಟ್‌ಪಾತ್ ಸಿಕ್ಕರೆ ಅದು ರೂಟರ್. ನೆಟ್‌ವರ್ಕ್ ಸಂಖ್ಯೆ, ಜೋನ್ (ನೆಟ್‌ವರ್ಕ್‌ನ ಹೆಸರಿಟ್ಟ ವಿಭಾಗ) ಎಲ್ಲ ಹೊಂದಿಸಬೇಕು. ಒಂದೆರಡು ಮ್ಯಾಕ್‌ಗೆ ಬ್ರಿಡ್ಜೇ ಒಳ್ಳೆಯದು.

ಜೊತೆಗೆ 8 ಪಿನ್ನಿನ ಫೋನ್‌ನೆಟ್ ಕನೆಕ್ಟರ್ (ಲೋಕಲ್‌ಟಾಕನ್ನು ಟೆಲಿಫೋನ್ ವೈರ್‌ನಲ್ಲಿ ಓಡಿಸುವ ಜೋಡಕ) 2, ಟೆಲಿಫೋನ್ ವೈರ್ 1, ವೈರ್‌ನ ತುದಿ ಮುಚ್ಚುವ ಟರ್ಮಿನೇಟರ್ 2 ಇಟ್ಟುಕೊಳ್ಳಿ. ಹೆಚ್ಚಿನವರು ಎಡವುವುದು ವೈರ್‌ನಲ್ಲೇ. ಪ್ಲಗ್ಗನ್ನು ಬೆಳಕಿಗೆ ಹಿಡಿದು ಒಳಗಿನ ತಾಮ್ರದ ಪಟ್ಟಿ ಎಣಿಸಿ: ನಾಲ್ಕಿರಲೇಬೇಕು. ಫೋನ್ ಮಾತಾಡುವುದು ನಡುವಿನ ಕೆಂಪು-ಹಸಿರು ಎಳೆಗಳಲ್ಲಿ, ಫೋನ್‌ನೆಟ್ ಓಡುವುದು ಹೊರಗಿನ ಕಪ್ಪು-ಹಳದಿ ಎಳೆಗಳಲ್ಲಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎರಡೆಳೆ ವೈರ್ ಹಾಕಿದರೆ ಏನೂ ಹರಿಯದು. ಟರ್ಮಿನೇಟರ್ ಸಿಗದಿದ್ದರೆ 120 ಓಮ್, ಕಾಲು ವ್ಯಾಟ್ ರೆಸಿಸ್ಟರನ್ನು ಪ್ಲಗ್ಗಿನ ಹೊರಗಿನ ಎರಡು ಪಿನ್‌ಗಳಿಗೆ ಸೇರಿಸಿ, ಎರಡೂ ತುದಿಯ ಖಾಲಿ ಕಿಂಡಿಗೆ ಸಿಕ್ಕಿಸಿ. ಬಿಟ್ಟರೆ ಸಂಕೇತ ತುದಿಯಿಂದ ಪ್ರತಿಫಲಿಸಿ, ಸರ್ವರ್ (ಮ್ಯಾಕ್‌ಗೆ ಫೈಲ್ ಹಂಚುವ ಕಂಪ್ಯೂಟರ್) ಒಮ್ಮೆ ಕಂಡು ಇನ್ನೊಮ್ಮೆ ಮಾಯವಾಗುತ್ತದೆ.

ಕನೆಕ್ಟರನ್ನು ಪ್ರಿಂಟರ್ ಪೋರ್ಟ್‌ಗೇ ಹಾಕಿ, ಮೋಡೆಮ್ ಪೋರ್ಟ್‌ಗಲ್ಲ. ಮ್ಯಾಕ್‌ನ ಆಪಲ್ ಮೆನುವಿನಲ್ಲಿರುವ ಚೂಸರ್‌ನಲ್ಲಿ ಆಪಲ್‌ಟಾಕ್ (ಹಳೆ ಮ್ಯಾಕ್‌ಗಳು ನೆಟ್‌ವರ್ಕ್‌ನಲ್ಲಿ ಮಾತಾಡುವ ಭಾಷೆ) ಆನ್ ಮಾಡಿ. ಮ್ಯಾಕ್ ಪೂರ್ತಿ ಬೂಟ್ ಆದ ಮೇಲಷ್ಟೇ ಬ್ರಿಡ್ಜ್‌ಗೆ ಕರೆಂಟ್ ಕೊಡಿ. ಮೊದಲೇ ಕೊಟ್ಟರೆ ಅದಕ್ಕೆ ಆ ಬದಿಯ ಯಂತ್ರ ಕಾಣದೇ ಹೋಗಬಹುದು. ಅಮೆರಿಕದಿಂದ ತರಿಸಿದ ಪೆಟ್ಟಿಗೆಯಾದರೆ ಅಡಾಪ್ಟರ್ 120 ವೋಲ್ಟ್‌ನದೇ ಎಂದು ಮೊದಲು ಓದಿ. ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ.

ಬ್ರಿಡ್ಜ್‌ನ ಈಥರ್‌ನೆಟ್ 10 ಮೆಗಾಬಿಟ್, ಹಾಫ್ ಡುಪ್ಲೆಕ್ಸ್ (ಒಮ್ಮೆಗೆ ಒಂದೇ ದಿಕ್ಕು). ಕೆಲವು ಹೊಸ ಸ್ವಿಚ್‌ಗಳು ಆ ವೇಗಕ್ಕೆ ಇಳಿಯುವುದೇ ಇಲ್ಲ. ಲಿಂಕ್ ದೀಪ ಹತ್ತದಿದ್ದರೆ ನಡುವೆ ಹಳೆಯ 10/100 ಸ್ವಿಚ್ ಇಡಿ. ಸರ್ವರ್ ಕಂಪ್ಯೂಟರನ್ನೂ ಕೇಬಲ್‌ನಲ್ಲೇ ಜೋಡಿಸಿ, ಅನೇಕ ವೈಫೈ ಪೆಟ್ಟಿಗೆಗಳು ಆಪಲ್‌ಟಾಕ್ ಪ್ಯಾಕೆಟ್‌ಗಳನ್ನು ನುಂಗಿಬಿಡುತ್ತವೆ.

ಲಿನಕ್ಸ್ ಸರ್ವರ್‌ನಲ್ಲಿ ಮ್ಯಾಕ್‌ಗೆ ಫೈಲ್ ಹಂಚುವ ತಂತ್ರಾಂಶ ನೆಟಾಟಾಕ್‌ನ 2 ಇಲ್ಲವೇ 4ನೇ ಆವೃತ್ತಿ ಹಾಕಿ. 3ರಲ್ಲಿ ಆಪಲ್‌ಟಾಕ್ ತೆಗೆದುಹಾಕಿದ್ದರು, ಅದು ಇಲ್ಲಿ ಉಪಯೋಗಕ್ಕೆ ಬಾರದು. ಸಿಸ್ಟಮ್ 7ರ ಮ್ಯಾಕ್‌ಗೆ ಹಂಚುವ ಫೋಲ್ಡರ್‌ನ ಗಾತ್ರ ಮಿತಿಯನ್ನು 2 ಜಿಬಿಯೊಳಗೇ ಇಡಿ. ದೊಡ್ಡದಾದರೆ ಖಾಲಿ ಜಾಗದ ಲೆಕ್ಕ ತಪ್ಪುತ್ತದೆ.

ಇಂಟರ್ನೆಟ್ ಬಳಸುವ ಟಿಸಿಪಿ/ಐಪಿ ಈ ದಾರಿಯಲ್ಲಿ ನೇರವಾಗಿ ದಾಟದು. ಅದಕ್ಕೆ ಸರ್ವರ್‌ನಲ್ಲಿ ಮ್ಯಾಕ್‌ಐಪಿ ಗೇಟ್‌ವೇ (ಐಪಿಯನ್ನು ಆಪಲ್‌ಟಾಕ್‌ನೊಳಗೆ ಸಾಗಿಸುವ ತಂತ್ರಾಂಶ) ಬೇರೆಯೇ ಓಡಿಸಬೇಕು.