ಕುಂಡೆ ಹಬ್ಬದ ಹಾಡನ್ನು ನಾನು ಕೇಳುವ ಬಗೆ

ಮೇ ತಿಂಗಳಲ್ಲಿ, ಆದಿವಾಸಿಗಳ ಕುಂಡೆ ಹಬ್ಬದ ದಿನ ಕೊಡಗಿನ ಗೋಣಿಕೊಪ್ಪದ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಮುಖಕ್ಕೆ ಬಣ್ಣ ಬಳಿದು, ಹೆಣ್ಣುವೇಷ ಹಾಕಿ, ಪ್ಲಾಸ್ಟಿಕ್ ಕ್ಯಾನು ಬಡಿಯುತ್ತ ಬರುವ ಜೇನು ಕುರುಬರ, ಯರವರ ತಂಡಗಳು ಜೀಪು ಅಡ್ಡಗಟ್ಟಿ, ಕಾಸು ಕೇಳಿ, ಬೈಯುತ್ತ ಹಾಡುತ್ತವೆ. ನೋಡುವವರು ವಿಡಿಯೋ ಮಾಡಿಕೊಂಡು ನಕ್ಕು ಹೋಗುತ್ತಾರೆ. ನನಗದು ಸಂಕಟ. ದಕ್ಷಿಣ ಕೊಡಗಿನ ರಾಜಕೀಯ ಈ ಹಾಡುಗಳಲ್ಲಿರುವಷ್ಟು ಚುನಾವಣೆ ಭಾಷಣಗಳಲ್ಲೂ ಇಲ್ಲ.

ವರ್ಷವೂ ಬರುವ ಮಾಮೂಲಿ ಬೈಗುಳವನ್ನು ಪಕ್ಕಕ್ಕಿಟ್ಟು, ಈ ಸಲ ಹೊಸದಾಗಿ ಸೇರಿದ್ದೇನು, ಅದನ್ನು ಯಾರೆದುರು ಹಾಡಿದರು ಎಂದಷ್ಟೇ ಬರೆದುಕೊಳ್ಳುತ್ತೇನೆ. ಒಂದು ಕಾಫಿ ತೋಟದ ಅಂಗಳದಲ್ಲಿ ಕಂಡದ್ದು: ಸಾಹುಕಾರರು ಜಗುಲಿಯಲ್ಲಿ ಕೂತಿದ್ದರು. ತೋಟದ ಕೂಲಿಯವರಿರುವ ಅವರದೇ ಲೈನ್ ಮನೆಯ ಹುಡುಗ ಸೀರೆ ಉಟ್ಟು ಮುಂದೆ ಬಂದ. ಬೈಗುಳಕ್ಕೆಲ್ಲ ಸಾಹುಕಾರರು ಹೊಟ್ಟೆ ತುಂಬ ನಕ್ಕರು. ಅದೇ ರಾಗದಲ್ಲಿ ಸೋರುವ ಸೂರು ಬಂತು, ಮುಂಗಡಕ್ಕೆ ಮುರಿದುಕೊಂಡ ಕೂಲಿ ಬಂತು. ನಗು ನಿಂತುಹೋಯಿತು, ನೋಟು ತಟ್ಟನೆ ಹೊರಬಂತು. ಆ ಸಾಲಿಗೆ ಗುರುತು ಹಾಕಿಕೊಂಡೆ.

ಈ ಬೈಗುಳಕ್ಕೆ ಬುಡ, ಹಬ್ಬ ನಡೆಯುವ ದೇವರಪುರದ ಕಥೆಯಲ್ಲಿದೆ. ಇವರ ಹಿರಿಯರನ್ನು ಬೇಟೆಗೆಂದು ಕರೆದೊಯ್ದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ, ನಂಬಿ ಬಂದವರನ್ನು ನಡುಕಾಡಿನಲ್ಲಿ ಬಿಟ್ಟನಂತೆ. ಅದಕ್ಕೇ ದೇವರಿಗೂ ಬೈಗುಳ. ನಂಬಿಸಿ ಕೈಬಿಟ್ಟವನು ಎಂಬ ಆ ಜಾಗಕ್ಕೆ ಯಾರನ್ನು ಬೇಕಾದರೂ ತಂದು ಕೂರಿಸಬಹುದು. ಇವರನ್ನು ನಾಗರಹೊಳೆ ಕಾಡಿನಿಂದ ಎಬ್ಬಿಸಿದ್ದು, 2006ರ ಅರಣ್ಯ ಹಕ್ಕು ಕಾಯ್ದೆ ಬಂದಮೇಲೂ ಹಕ್ಕುಪತ್ರಕ್ಕೆ ಅಲೆದದ್ದು, 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದು ಗೊತ್ತಿದ್ದರೆ, ಹಾಡಿನಲ್ಲಿ ಸುಮ್ಮನೆ 'ಗೇಟು' ಅಂದರೂ ಅದು ಕಾಡಿನ ಗೇಟು ಎಂದು ತಿಳಿಯುತ್ತದೆ.

ಹಾಗಂತ ಪ್ರತಿ ಪೋಲಿ ಸಾಲಿಗೂ ಹೋರಾಟದ ಅರ್ಥ ಹಚ್ಚಬಾರದು. ಎಷ್ಟೋ ಸಾಲು ಬರೀ ಕುಣಿತದ ಖುಷಿಗೆ. ಅನುಮಾನ ಬಂದರೆ ಹಬ್ಬ ಕಳೆದ ಮೇಲೆ ಅವರು ವಾಸಿಸುವ ಹಾಡಿಯತ್ತ ಹೋಗಿ ಹಾಡಿದವರನ್ನೇ ಕೇಳುತ್ತೇನೆ. ರೇಂಜರನ್ನು ಬೈದ ಸಾಲಿನ ಬಗ್ಗೆ ಕೇಳಿದಾಗ ಹಿರಿಯರೊಬ್ಬರು, "ಅವತ್ತು ದೇವ್ರನ್ನೇ ಬೈತೀವಿ ಮೇಷ್ಟ್ರೇ, ರೇಂಜರ್ ಯಾವ ಲೆಕ್ಕ? ಇವತ್ತು ಕೇಳಿದ್ರೆ ನಾ ಏನೂ ಅಂದಿಲ್ಲ" ಅಂದರು. ಆ ಮಾತಿನ ಎರಡನೇ ಅರ್ಧವನ್ನೂ ಬರೆದುಕೊಂಡೆ. ಹಬ್ಬ ಕೊಡುವ ರಕ್ಷೆ ಹಬ್ಬದ ದಿನಕ್ಕಷ್ಟೇ. ಮರುದಿನ ಅದೇ ತೋಟಕ್ಕೆ ಕೆಲಸಕ್ಕೆ ಹೋಗಬೇಕು, ಅದೇ ಗೇಟು ದಾಟಿ ಸೌದೆ ತರಬೇಕು. ಹಾಗಾಗಿ ಹಾಡಿದವರ ಹೆಸರನ್ನಾಗಲಿ ತೋಟದ ಹೆಸರನ್ನಾಗಲಿ ನನ್ನ ಟಿಪ್ಪಣಿಯಲ್ಲಿ ಬರೆಯುವುದೇ ಇಲ್ಲ.