ಡ್ರಾಫ್ಟ್ ವಾದಕ್ಕೆ ನಾವು ಕೂರುವ ರೀತಿ

ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಡೆಟ್ರಾಯಿಟ್ ಲಯನ್ಸ್ ಈ ಸಲ ಯಾವ ಕಾಲೇಜು ಹುಡುಗನನ್ನು ಆರಿಸಿಕೊಳ್ಳಬೇಕು? ಪ್ರತಿ ವರ್ಷ ಏಪ್ರಿಲ್‌ನಲ್ಲಿ ಈ ಒಂದೇ ಪ್ರಶ್ನೆ ಇಟ್ಟುಕೊಂಡು ನಾವು ಕೆಲವು ಗೆಳೆಯರು ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಸೇರುತ್ತೇವೆ. ನಾವಿರುವುದು ಡೆಟ್ರಾಯಿಟ್ ಸುತ್ತಲಿನ ನೋವಾಯ್, ಟ್ರಾಯ್, ಕ್ಯಾಂಟನ್ ಊರುಗಳಲ್ಲಿ. ಹೆಚ್ಚಿನವರು ಕಾರು ಕಂಪನಿಗಳ ಕೆಲಸಕ್ಕೆ ಬಂದವರು. ಚಿಕ್ಕಂದಿನಲ್ಲಿ ನಮಗೆ ಗೊತ್ತಿದ್ದದ್ದು ಕ್ರಿಕೆಟ್ ಒಂದೇ. ಅಮೆರಿಕನ್ ಫುಟ್‌ಬಾಲಿನ ರುಚಿ ಹತ್ತಿದ್ದು ಇಲ್ಲಿಗೆ ಬಂದಮೇಲೆ, ಆಫೀಸಿನವರ ಜೊತೆ ಸೇರಿ.

ಈ ಆಟ ಅಷ್ಟಾಗಿ ನೋಡದವರಿಗೆ ಡ್ರಾಫ್ಟ್ ಅಂದರೇನು ಅಂತ ಹೇಳಿಬಿಡುತ್ತೇನೆ. ಐಪಿಎಲ್ ಹರಾಜಿನಲ್ಲಿ ಜಾಸ್ತಿ ದುಡ್ಡು ಕೂಗಿದವರಿಗೆ ಆಟಗಾರ. ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್) ಡ್ರಾಫ್ಟಿನಲ್ಲಿ ಕೂಗಾಟವೇ ಇಲ್ಲ, ಇರುವುದು ಸರದಿ. 32 ತಂಡಗಳು, 7 ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಆ ಸರದಿಗಳನ್ನು ತಂಡಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳಬಹುದು. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆದ ಹುಡುಗರು ಮಾತ್ರ ಇದಕ್ಕೆ ಬರಬಹುದು. ಆ ಮೂರ್ನಾಲ್ಕು ವರ್ಷ ಅವರು ಕಾಲೇಜು ತಂಡದಲ್ಲಿ ಆಡಿರುತ್ತಾರೆ. ನಾವು ವಾದ ಮಾಡುವುದು ಅದರ ಮೇಲೆ.

ಲಯನ್ಸ್ ಅಭಿಮಾನಿಗೆ ಇದು ಸಣ್ಣ ವಿಷಯ ಅಲ್ಲ. ಈ ತಂಡ ಕೊನೆಯ ಸಲ ಚಾಂಪಿಯನ್ ಆಗಿದ್ದು 1957ರಲ್ಲಿ. 2008ರಲ್ಲಿ 16ಕ್ಕೆ 16 ಆಟವನ್ನೂ ಸೋತಿತು. 2003, 2004, 2005, ಹೀಗೆ ಸತತ ಮೂರು ವರ್ಷ ಮೊದಲ ಸುತ್ತಿನಲ್ಲಿ ರಿಸೀವರ್‌ಗಳನ್ನೇ (ಎಸೆದ ಚೆಂಡು ಹಿಡಿಯುವವರನ್ನೇ) ಆರಿಸಿತು: ಚಾರ್ಲ್ಸ್ ರಾಜರ್ಸ್, ರಾಯ್ ವಿಲಿಯಮ್ಸ್, ಮೈಕ್ ವಿಲಿಯಮ್ಸ್. ಮೂವರಲ್ಲಿ ಒಂದಷ್ಟು ನಿಂತು ಆಡಿದ್ದು ರಾಯ್ ಮಾತ್ರ. ಇಲ್ಲಿಯ ಹಳಬರು ಇವತ್ತಿಗೂ ಈ ಮೂರು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕಾಲೇಜಿನಲ್ಲಿ ಮೂವರೂ ದೊಡ್ಡ ಆಟಗಾರರೇ. ಆದರೆ ತಂಡಕ್ಕೆ ಆಗ ಬೇಕಿದ್ದದ್ದು ಏನು, ಆ ಕೆಲಸಕ್ಕೆ ಇವರು ಸರಿಯಾ? ಇದನ್ನು ಯಾರಾದರೂ ಗಟ್ಟಿಯಾಗಿ ಕೇಳಬೇಕಿತ್ತು.

ನಮ್ಮ ವಾದದ ಬುನಾದಿಯೂ ಅದೇ. ಹುಡುಗ ಎಷ್ಟು ಒಳ್ಳೆಯವನು ಎಂದು ಕೇಳಿದರೆ ಎಲ್ಲರೂ ಒಳ್ಳೆಯವರೇ. ನಮ್ಮ ತಂಡದಲ್ಲಿ ಅವನಿಗೆ ಕೊಡುವ ಕೆಲಸ ಏನು ಎಂದು ಕೇಳಿದ ಕೂಡಲೇ ಮಾತು ಗಟ್ಟಿಯಾಗುತ್ತದೆ.

ಹಾಗಾಗಿ ನಾನು ಗುಂಪಿನಲ್ಲಿ ಒಂದು ಪದ್ಧತಿ ತಂದೆ. ಕೂರುವ ಮೊದಲು ಎಲ್ಲರೂ ತಮ್ಮ ಪಟ್ಟಿಯನ್ನು ಕಾಗದದ ಮೇಲೆ ಬರೆದು ತರಬೇಕು. ಟಿವಿಯಲ್ಲಿ ಬರುವ ಮಾಕ್ ಡ್ರಾಫ್ಟ್ (ಯಾರು ಯಾವ ಸರದಿಗೆ ಹೋಗುತ್ತಾರೆ ಅನ್ನುವ ಪಂಡಿತರ ಊಹೆ) ನೋಡಿ ಬರೆಯಬಾರದು. ಒಮ್ಮೆ ಒಬ್ಬ ಪಂಡಿತ ಇಂಥವನು 6ನೇ ಸರದಿಗೆ ಹೋಗುತ್ತಾನೆ ಅಂದರೆ, ಆಮೇಲೆ ನಮ್ಮ ಕಣ್ಣಿಗೂ ಅವನು 6ನೇ ಸರದಿಯವನ ಹಾಗೇ ಕಾಣುತ್ತಾನೆ. ಪ್ರತಿ ಹೆಸರಿನ ಮುಂದೆ ಎರಡು ಸಾಲು ಇರಬೇಕು: ಮೊದಲ ವರ್ಷ ಯಾವ ಜಾಗದಲ್ಲಿ ಆಡುತ್ತಾನೆ, ಈಗ ಆ ಜಾಗದಲ್ಲಿ ಇರುವವರು ಯಾರು. ಎರಡನೆಯದನ್ನು ಬರೆಯಲು ಆಗದಿದ್ದರೆ ಆ ಹೆಸರು ಆವತ್ತು ಚರ್ಚೆಗೆ ಬರುವುದಿಲ್ಲ.

ಇನ್ನು ಆಟ ನೋಡುವ ಬಗ್ಗೆ. ಕಾಲೇಜು ಆಟ ಶನಿವಾರ. ಮೊದಲೆಲ್ಲ ನಾನೂ ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಿದ್ದೆ. ಈಗ ಒಬ್ಬ ಹುಡುಗನನ್ನು ಹಿಡಿದುಕೊಂಡರೆ ಚೆಂಡು ಎಲ್ಲೇ ಹೋಗಲಿ, ಅವನನ್ನು ಬಿಡುವುದಿಲ್ಲ. ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಆದರೆ ಚೆಂಡು ಅವನ ಕೈಗೆ ಬಾರದ ಹೊತ್ತಿನಲ್ಲಿ ಏನು ಮಾಡುತ್ತಾನೆ, ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಮೇಲೆ ನುಗ್ಗುವವನನ್ನು ತಡೆಯುತ್ತಾನಾ ಎಂದು ನೋಡುತ್ತೇನೆ. ಲೈನ್‌ಬ್ಯಾಕರ್ (ಡಿಫೆನ್ಸಿನ ನಡುವೆ ನಿಂತು ತಡೆಯುವವನು) ಆದರೆ ಚೆಂಡು ಚಲಿಸಿದ ಮೇಲೆ ಅವನ ಮೊದಲ ಹೆಜ್ಜೆ ಎತ್ತ ಹೋಗುತ್ತದೆ ಅನ್ನುವುದು ಮುಖ್ಯ. ಎದುರಾಳಿ ಬಲವಾಗಿರುವ ಆಟಗಳನ್ನೇ ಆರಿಸಿಕೊಳ್ಳುತ್ತೇನೆ. ಸಣ್ಣ ಕಾಲೇಜಿನ ಮೇಲೆ 60 ಪಾಯಿಂಟ್ ಹೊಡೆದ ದಿನ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ, ಅಲ್ವಾ?

ಆಮೇಲೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್. ಅಲ್ಲಿ ಹುಡುಗರನ್ನು ಓಡಿಸಿ, ಹಾರಿಸಿ, ಕೈಯುದ್ದ ಕೂಡ ಅಳೆಯುತ್ತಾರೆ. 2022ರ ನಮ್ಮ ದೊಡ್ಡ ಜಗಳ ಈ ಕೈಯುದ್ದದ ಮೇಲೇ ನಡೆದಿತ್ತು. ಮಿಶಿಗನ್ ವಿಶ್ವವಿದ್ಯಾಲಯದ ಏಡನ್ ಹಚಿನ್ಸನ್ ಹಿಂದಿನ ವರ್ಷ 14 ಸ್ಯಾಕ್ ಮಾಡಿದ್ದ. ಸ್ಯಾಕ್ ಅಂದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮುನ್ನವೇ ಅವನನ್ನು ಕೆಡವುವುದು. ಅವನ ಕೈಯುದ್ದ 32 ಇಂಚಿನ ಆಸುಪಾಸು. ಜಾರ್ಜಿಯಾದ ಟ್ರಾವಾನ್ ವಾಕರ್‌ನದು 35 ಇಂಚಿಗೂ ಜಾಸ್ತಿ, ಆದರೆ ಸ್ಯಾಕ್ 6. ಜ್ಯಾಕ್ಸನ್‌ವಿಲ್ ತಂಡ ಮೊದಲ ಸರದಿಯಲ್ಲಿ ವಾಕರ್‌ನನ್ನು ಆರಿಸಿತು, ಹಚಿನ್ಸನ್ ಎರಡನೇ ಸರದಿಯಲ್ಲಿ ನಮಗೇ ಸಿಕ್ಕಿದ. ಅಳತೆ ನೋಡಲೇಬೇಕು ಅಂತ ನಾನೂ ಒಪ್ಪುತ್ತೇನೆ. ಉದ್ದ ಕೈ ಇದ್ದವನು ಎದುರಿನವನನ್ನು ದೂರದಲ್ಲೇ ತಡೆದು ಹಿಡಿಯಬಲ್ಲ. ಆದರೆ ಕೈ ಚಿಕ್ಕದಿದ್ದೂ ಒಬ್ಬ ವರ್ಷವಿಡೀ ಗೆದ್ದಿದ್ದರೆ, ಆ ಗೆಲುವು ಬಂದಿದ್ದು ಎಲ್ಲಿಂದ ಎಂದು ಆಟದ ವಿಡಿಯೊ ಟೇಪ್ ನೋಡಿ ಹುಡುಕಬೇಕು. ಹಚಿನ್ಸನ್ ವಿಷಯದಲ್ಲಿ ಅದು ಕಾಲಿನ ಚುರುಕು ಮತ್ತು ಬಿಡದೆ ನುಗ್ಗುವ ಹಟ. ಮೊದಲ ವರ್ಷವೇ 9.5 ಸ್ಯಾಕ್ ಮಾಡಿದ.

ಆದರೆ ನಾನು ನಿಜಕ್ಕೂ ಹೇಳಬೇಕೆಂದಿರುವುದು 2023ರ ಡ್ರಾಫ್ಟ್ ಬಗ್ಗೆ. ಅಷ್ಟು ಚೆನ್ನಾಗಿ ನಾವು ಯಾವತ್ತೂ ವಾದ ಮಾಡಿರಲಿಲ್ಲ.

ಹಿಂದಿನ ಸೀಸನ್‌ನಲ್ಲಿ ಲಯನ್ಸ್ 1-6 (ಒಂದು ಗೆಲುವು, ಆರು ಸೋಲು) ಎಂದು ಶುರುಮಾಡಿ 9-8ಕ್ಕೆ ಮುಗಿಸಿತ್ತು. ದಾಳಿ ಚೆನ್ನಾಗಿತ್ತು. ಡಿಫೆನ್ಸ್ ಮಾತ್ರ ಎದುರಾಳಿಗೆ ಬಿಟ್ಟುಕೊಟ್ಟ ಯಾರ್ಡ್ ಲೆಕ್ಕದಲ್ಲಿ 32 ತಂಡಗಳಲ್ಲಿ ಕೊನೆ. ಕೈಯಲ್ಲಿ ಮೊದಲ ಸುತ್ತಿನ ಎರಡು ಸರದಿ ಇದ್ದವು, 6 ಮತ್ತು 18. ಆರನೆಯದು ನಮ್ಮ ಹಳೆಯ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ನನ್ನು ರ್‍ಯಾಮ್ಸ್‌ಗೆ ಕೊಟ್ಟಿದ್ದಕ್ಕೆ ಬಂದದ್ದು. ಪಟ್ಟಿ ತಂದವರಲ್ಲಿ ಹೆಚ್ಚಿನವರು 6ಕ್ಕೆ ಡಿಫೆನ್ಸ್‌ನವರನ್ನೇ ಬರೆದಿದ್ದರು. ಇಲಿನಾಯ್‌ನ ಕಾರ್ನರ್ (ಎದುರಾಳಿ ರಿಸೀವರ್‌ಗಳನ್ನು ಕಾಯುವವನು) ಡೆವನ್ ವಿದರ್‌ಸ್ಪೂನ್, ಜಾರ್ಜಿಯಾದ ಜೇಲೆನ್ ಕಾರ್ಟರ್.

ಹಾಸನದ ಗೆಳೆಯ ಮಾತ್ರ ಹೆಸರನ್ನೇ ಬರೆದಿರಲಿಲ್ಲ. "ಹಿಂದೆ ಸರಿಯೋಣ" ಅಂತ ಬರೆದಿದ್ದ. ಅವನ ಹತ್ತಿರ ಸರದಿಗಳ ಹಳೆಯ ಬೆಲೆಪಟ್ಟಿ ಇರುತ್ತದೆ. ಡಲ್ಲಾಸ್ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್ ಹೆಸರಿನಲ್ಲೇ ಅದು ಇಂದಿಗೂ ಓಡಾಡುತ್ತದೆ. ಮೊದಲ ಸರದಿಗೆ 3000 ಅಂಕ, 6ನೆಯದಕ್ಕೆ 1600, 12ನೆಯದಕ್ಕೆ 1200, ಹೀಗೆ ಇಳಿಯುತ್ತದೆ. ಅವನ ವಾದ ಸರಳ. ತಂಡಕ್ಕೆ ತೂತು ಒಂದಲ್ಲ, ನಾಲ್ಕಿವೆ. 6ನೇ ಸರದಿಯ ಒಬ್ಬನಿಗಿಂತ 12ನೇ ಸರದಿಯವನೂ ಎರಡನೇ ಸುತ್ತಿನ ಮೊದಲಲ್ಲಿ ಇನ್ನೊಬ್ಬನೂ ಸೇರಿದರೆ ಲಾಭ.

ಡ್ರಾಫ್ಟ್ ರಾತ್ರಿ ಜನರಲ್ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ ಮಾಡಿದ್ದೂ ಅದನ್ನೇ. ಅರಿಜೋನಾಗೆ 6 ಮತ್ತು 81 ಕೊಟ್ಟು 12, 34, 168 ಪಡೆದರು. ಗೆಳೆಯ ಅಲ್ಲೇ ಕೂಡಿ ತೋರಿಸಿದ. ಕೊಟ್ಟದ್ದು 1600 ಮತ್ತು 185, ಸೇರಿ 1785. ಬಂದದ್ದು 1200, 560, ಮತ್ತು 168ನೆಯದಕ್ಕೆ ಸುಮಾರು 24. ಹೆಚ್ಚೂಕಡಿಮೆ ಸರಿಸಮ. ಅರಿಜೋನಾ 6ರಲ್ಲಿ ಪ್ಯಾರಿಸ್ ಜಾನ್ಸನ್‌ನನ್ನು ಆರಿಸಿಕೊಂಡಿತು.

12ನೇ ಸರದಿ ಬಂತು. ಅಲಬಾಮಾದ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್ ಹೆಸರು ಓದಿದರು. ಕೋಣೆಯೇ ಎದ್ದು ನಿಂತಿತು.

"ಏನ್ಲೇ ಇದು, ರನ್ನಿಂಗ್ ಬ್ಯಾಕ್‌ಗ ಹನ್ನೆರಡು ಕೊಡ್ತಾರೇನು?" ಎಂದ ಹುಬ್ಬಳ್ಳಿಯವನು. ಅವನ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರನ್ನಿಂಗ್ ಬ್ಯಾಕ್‌ಗಳ ಆಯುಸ್ಸು ಕಡಿಮೆ, ಪ್ರತಿ ಆಟದಲ್ಲೂ ಏಟು ತಿನ್ನುತ್ತಾರೆ. ಒಳ್ಳೆಯವರು ನಂತರದ ಸುತ್ತುಗಳಲ್ಲೂ ಸಿಗುತ್ತಾರೆ. ಹಿಂದಿನ ವರ್ಷ ನಮಗೇ 17 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವುದು) ಓಡಿಕೊಟ್ಟ ಜಮಾಲ್ ವಿಲಿಯಮ್ಸ್ ನಾಲ್ಕನೇ ಸುತ್ತಿನಲ್ಲಿ ಬಂದವನು. ಅವನು ಬಿಟ್ಟುಹೋದ ಮೇಲೆ ಶಿಕಾಗೋದಿಂದ ಡೇವಿಡ್ ಮಾಂಟ್ಗೊಮರಿಯನ್ನು ಆಗಲೇ ತಂದಾಗಿತ್ತು. ಡಿಫೆನ್ಸ್ ಕೊನೆಯ ಸ್ಥಾನದಲ್ಲಿದೆ, ಒರೆಗಾನ್‌ನ ಕಾರ್ನರ್ ಕ್ರಿಸ್ಟಿಯನ್ ಗೊನ್ಜಾಲೆಜ್ ಇನ್ನೂ ಉಳಿದಿದ್ದಾನೆ. ಇಷ್ಟೆಲ್ಲ ಇದ್ದೂ ರನ್ನಿಂಗ್ ಬ್ಯಾಕಾ?

ನನ್ನ ಕಾಗದದಲ್ಲಿ ಗಿಬ್ಸ್ ಹೆಸರಿನ ಮುಂದೆ "ಪಾಸ್ ಹಿಡಿಯುವವನು" ಎಂದು ಬರೆದಿತ್ತು. 2022ರಲ್ಲಿ ಅವನು 926 ಯಾರ್ಡ್ ಓಡಿದ್ದ, ಅದರ ಜೊತೆಗೆ 44 ಪಾಸ್ ಹಿಡಿದು ಇನ್ನೂ 444 ಯಾರ್ಡ್ ಸೇರಿಸಿದ್ದ. ಕಂಬೈನ್‌ನಲ್ಲಿ 40 ಗಜವನ್ನು 4.36 ಸೆಕೆಂಡಿನಲ್ಲಿ ಓಡಿದ. ತೂಕ 199 ಪೌಂಡ್, ಈ ಕೆಲಸಕ್ಕೆ ಸ್ವಲ್ಪ ಕಡಿಮೆಯೇ. ಹಾಗಾಗಿ ಅವನನ್ನು ಮಾಂಟ್ಗೊಮರಿ ಜೊತೆ ಹೋಲಿಸುವುದೇ ಸರಿಯಲ್ಲ ಅಂದೆ. ನಡುವೆ ನುಗ್ಗಿ ಮೂರು ಯಾರ್ಡ್ ತರುವುದು ಮಾಂಟ್ಗೊಮರಿ ಕೆಲಸ. ಗಿಬ್ಸ್‌ನನ್ನು ಬದಿಗೆ ನಿಲ್ಲಿಸಿದರೆ ಎದುರಾಳಿಯ ಲೈನ್‌ಬ್ಯಾಕರ್ ಅವನ ಹಿಂದೆ ಓಡಲೇಬೇಕು, ಓಡಿ ಹಿಡಿಯಲಾರ. ಆ ಕೆಲಸಕ್ಕೆ ಆಗ ಇದ್ದವನು ಡಿ'ಆಂಡ್ರೆ ಸ್ವಿಫ್ಟ್. ಎರಡು ದಿನದಲ್ಲಿ ಸ್ವಿಫ್ಟ್‌ನನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟರು. ತಂಡ ಯಾವ ಜಾಗ ತುಂಬಿಸುತ್ತಿತ್ತು ಅನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು.

18ರಲ್ಲಿ ಐಯೋವಾದ ಲೈನ್‌ಬ್ಯಾಕರ್ ಜ್ಯಾಕ್ ಕ್ಯಾಂಪ್‌ಬೆಲ್. ಅದಕ್ಕೂ ಗಲಾಟೆ, ಇಷ್ಟು ಮುಂಚೆ ಲೈನ್‌ಬ್ಯಾಕರ್ ಯಾಕೆ ಅಂತ. ದೇಶದ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ ಕೊಡುವ ಬಟ್ಕಸ್ ಪ್ರಶಸ್ತಿ ಅವನಿಗೆ ಬಂದಿತ್ತು. ನನಗೆ ಅದಕ್ಕಿಂತ ಹಿಡಿಸಿದ್ದು ಅವನ ಮೊದಲ ಹೆಜ್ಜೆ. ತಪ್ಪು ದಿಕ್ಕಿಗೆ ಹೋಗುವುದು ತೀರಾ ಅಪರೂಪ.

34ನೆಯದು ಸ್ಯಾಮ್ ಲಪೋರ್ಟಾ, ಟೈಟ್ ಎಂಡ್ (ಎದುರಿನವರನ್ನು ತಡೆಯುವುದೂ ಪಾಸ್ ಹಿಡಿಯುವುದೂ ಇವನ ಕೆಲಸ), ಅವನೂ ಐಯೋವಾದವನೇ. ಅಂಕಿಅಂಶ ನೋಡಿದರೆ ಮೋಸ ಹೋಗುವಂಥ ಹುಡುಗ ಇವನು. ಕೊನೆಯ ವರ್ಷ 58 ಪಾಸ್ ಹಿಡಿದಿದ್ದ, ಟಚ್‌ಡೌನ್ ಮಾತ್ರ ಒಂದೇ. ಒಬ್ಬರು ಅದನ್ನೇ ಹಿಡಿದು ಎಳೆದರು. ಆದರೆ ಆ ವರ್ಷ ಐಯೋವಾದ ದಾಳಿ ಇಡೀ ದೇಶದಲ್ಲೇ ತೀರಾ ಹಿಂದಿತ್ತು. ಇಡೀ ತಂಡಕ್ಕೇ ಟಚ್‌ಡೌನ್ ಬಾರದಿದ್ದರೆ ಇವನೊಬ್ಬನಿಗೆ ಎಲ್ಲಿಂದ ಬರಬೇಕು? ನಾವು ನೋಡಬೇಕಿದ್ದದ್ದು ಚೆಂಡು ಹಿಡಿದ ಮೇಲೆ ಎಷ್ಟು ಜನರನ್ನು ತಪ್ಪಿಸಿಕೊಂಡು ಹೋಗುತ್ತಾನೆ ಅನ್ನುವುದನ್ನು. ನಮ್ಮ ಟೈಟ್ ಎಂಡ್ ಆಗಿದ್ದ ಟಿ.ಜೆ. ಹಾಕಿನ್ಸನ್‌ನನ್ನು ಹಿಂದಿನ ನವೆಂಬರ್‌ನಲ್ಲೇ ಮಿನ್ನೆಸೋಟಾಗೆ ಕೊಟ್ಟಿದ್ದರಿಂದ ಜಾಗವೂ ಖಾಲಿ ಇತ್ತು. ಲಪೋರ್ಟಾ ಲಯನ್ಸ್‌ನಲ್ಲಿ ಮೊದಲ ವರ್ಷವೇ 86 ಪಾಸ್ ಹಿಡಿದ, 10 ಟಚ್‌ಡೌನ್. ಮೊದಲ ವರ್ಷದ ಟೈಟ್ ಎಂಡ್ ಒಬ್ಬ ಅಲ್ಲಿಯವರೆಗೆ ಅಷ್ಟು ಹಿಡಿದಿರಲಿಲ್ಲ.

45ರಲ್ಲಿ ಅಲಬಾಮಾದ ಬ್ರಯಾನ್ ಬ್ರಾಂಚ್. ಓಟ 4.58 ಸೆಕೆಂಡು, ಪಾಸ್ ತಡೆಯುವ ಒಬ್ಬ ಡಿಫೆನ್ಸಿವ್ ಬ್ಯಾಕ್‌ಗೆ ನಿಧಾನ. ಅದಕ್ಕೇ ಎರಡನೇ ಸುತ್ತಿಗೆ ಜಾರಿದ ಎಂದು ನನ್ನ ಅಂದಾಜು. ನಮ್ಮಲ್ಲಿ ಬ್ರಾಂಚ್ ಮೇಲೆ ಜಗಳವೇ ಆಗಲಿಲ್ಲ, ಎಲ್ಲರ ಕಾಗದದಲ್ಲೂ ಅವನಿದ್ದ. ಆ ವರ್ಷದ ಮೊದಲ ಆಟ ಕ್ಯಾನ್ಸಾಸ್ ಸಿಟಿಯಲ್ಲಿ, ಸೆಪ್ಟೆಂಬರ್ 7ಕ್ಕೆ. ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡು ರಿಸೀವರ್ ಕೈ ತಾಗಿ ಮೇಲೆದ್ದಿತು. ಬ್ರಾಂಚ್ ಅದನ್ನು ಹಿಡಿದು 50 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಹಿಂದಿನ ವರ್ಷದ ಚಾಂಪಿಯನ್‌ಗಳ ಮೇಲೆ ಲಯನ್ಸ್ 21-20ಕ್ಕೆ ಗೆದ್ದಿತು. ಆ ರಾತ್ರಿ ನಾವು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಆ ಸೀಸನ್‌ನಲ್ಲಿ ತಂಡ 12-5 ಆಯಿತು, 1993ರ ನಂತರ ಮೊದಲ ಸಲ ತನ್ನ ಡಿವಿಷನ್ (ಲೀಗಿನೊಳಗಿನ ತನ್ನ ಗುಂಪು) ಗೆದ್ದಿತು.

ಹೀಗೆ ವಾದ ಮಾಡುವಾಗ ನಾನು ಪಾಲಿಸುವ ಇನ್ನೊಂದು ವಿಷಯ ಇದೆ. ತೀರ್ಪು ಕೊಡಲು ಮೂರು ವರ್ಷ ಕಾಯಬೇಕು. ಡ್ರಾಫ್ಟಿನ ಮರುದಿನ ಎಲ್ಲರೂ ತಂಡಗಳಿಗೆ ಮಾರ್ಕ್ಸ್ ಕೊಡುತ್ತಾರೆ. ಒಂದು ಆಟವನ್ನೂ ಆಡದವರಿಗೆ ಮಾರ್ಕ್ಸ್ ಹೇಗೆ? 2021ರಲ್ಲಿ ಯುಎಸ್‌ಸಿ ಕಾಲೇಜಿನ ಅಮಾನ್-ರಾ ಸೇಂಟ್ ಬ್ರೌನ್‌ಗಿಂತ ಮೊದಲು 16 ರಿಸೀವರ್‌ಗಳ ಹೆಸರು ಕೂಗಿದ್ದರು. ನಾಲ್ಕನೇ ಸುತ್ತಿನ 112ನೇ ಸರದಿಯಲ್ಲಿ ಅವನು ಲಯನ್ಸ್‌ಗೆ ಸಿಕ್ಕಿದ. ಆ 16 ಹೆಸರುಗಳೂ ಅವನಿಗೆ ಬಾಯಿಪಾಠ. ಈಗ ಅವನಿಲ್ಲದ ಲಯನ್ಸ್ ದಾಳಿಯನ್ನು ಊಹಿಸುವುದೇ ಕಷ್ಟ. ಅದಕ್ಕೇ ನಾವು ಹಳೆಯ ಕಾಗದಗಳನ್ನು ಎಸೆಯುವುದಿಲ್ಲ. ಒಂದು ಫೈಲಿನಲ್ಲಿ ಹಾಕಿ ಇಟ್ಟಿದ್ದೇನೆ.

2024ರಲ್ಲಿ ಡ್ರಾಫ್ಟ್ ನಮ್ಮೂರಿಗೇ ಬಂತು. ಡೆಟ್ರಾಯಿಟ್ ನಡುವಿನ ಕ್ಯಾಂಪಸ್ ಮಾರ್ಷಿಯಸ್ ಸುತ್ತ ಮೂರು ದಿನಗಳಲ್ಲಿ 7,75,000ಕ್ಕೂ ಹೆಚ್ಚು ಜನ ಸೇರಿದರು. ಯಾವ ಡ್ರಾಫ್ಟಿಗೂ ಅಷ್ಟು ಜನ ಬಂದಿರಲಿಲ್ಲ. ನಾವೂ ಹೋಗಿದ್ದೆವು. ಮಕ್ಕಳೆಲ್ಲ ಹಚಿನ್ಸನ್‌ನ 97 ನಂಬರ್ ಅಂಗಿ ಹಾಕಿಕೊಂಡಿದ್ದರು. ಆವತ್ತು ಲಯನ್ಸ್ ಡಲ್ಲಾಸ್‌ಗೆ 29 ಮತ್ತು 73ನೇ ಸರದಿ ಕೊಟ್ಟು 24ಕ್ಕೆ ಏರಿ, ಅಲಬಾಮಾದ ಕಾರ್ನರ್ ಟೆರಿಯನ್ ಆರ್ನಾಲ್ಡ್‌ನನ್ನು ಆರಿಸಿತು. ಊರೇ ಕುಣಿಯಿತು.

ಹುಬ್ಬಳ್ಳಿಯವನಿಗೆ ಮಾತ್ರ ಇದರಿಂದ ಹೊಸ ಅಸ್ತ್ರ ಸಿಕ್ಕಿತು. "ನೋಡಲೇ, 2023ರಾಗ ಗೊನ್ಜಾಲೆಜ್‌ನ ತಗೊಂಡಿದ್ರ ಈಗ ಕಾರ್ನರ್ ಸಲುವಾಗಿ 73 ಕೊಡೂದು ಬೇಕಾಗ್ತಿರಲಿಲ್ಲ" ಎನ್ನುತ್ತಾನೆ. ಗೊನ್ಜಾಲೆಜ್ 17ರಲ್ಲಿ ನ್ಯೂ ಇಂಗ್ಲೆಂಡ್‌ಗೆ ಹೋದ, 2024ರಲ್ಲಿ ಆಲ್-ಪ್ರೋ (ವರ್ಷದ ಅತ್ಯುತ್ತಮರ ಪಟ್ಟಿ) ಎರಡನೇ ತಂಡದಲ್ಲಿ ಹೆಸರು ಬಂತು. ಮಾತಿನಲ್ಲಿ ತೂಕ ಇದೆ. ನಾನು ಗಿಬ್ಸ್ ಅದೇ ವರ್ಷ ಓಡಿದ 1412 ಯಾರ್ಡ್‌ಗಳನ್ನೂ ಒಟ್ಟು 20 ಟಚ್‌ಡೌನ್‌ಗಳನ್ನೂ ಅವನ ಮುಂದೆ ಇಡುತ್ತೇನೆ. ಅವನು 18ರವರೆಗೆ ಕಾದಿದ್ದರೂ ಗಿಬ್ಸ್ ಸಿಗುತ್ತಿದ್ದ ಎನ್ನುತ್ತಾನೆ. ನಾನು ಖಂಡಿತ ಸಿಗುತ್ತಿರಲಿಲ್ಲ ಎನ್ನುತ್ತೇನೆ. ಮುಂದಿನ ಸಲ ಸೇರಿದಾಗ ಅವನು ಗೊನ್ಜಾಲೆಜ್‌ನ ಟೇಪ್ ತರುತ್ತಾನಂತೆ. ನಾನು 2025ರ ಜನವರಿ 5ರಂದು ಮಿನ್ನೆಸೋಟಾ ವಿರುದ್ಧ ಗಿಬ್ಸ್ ನಾಲ್ಕು ಟಚ್‌ಡೌನ್ ಹೊಡೆದ ಆಟವನ್ನು ತೆಗೆದಿಟ್ಟಿದ್ದೇನೆ.