ಫೋನ್ ಲಾಕರ್‌ನಲ್ಲಿ, ಪೆನ್ಸಿಲ್ ಕೈಯಲ್ಲಿ: ಲೂವ್ರ್‌ಗೆ ನಾನು ಮೂರನೇ ಸಲ ಹೋದಾಗ

ಮೂರನೇ ಸಲಕ್ಕೆ ಕೈಗೂಡಿತು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಮೂರು ಗಂಟೆಗೂ ಜಾಸ್ತಿ ಇದ್ದೆ. ಒಂದೂ ಫೋಟೋ ತೆಗೆಯಲಿಲ್ಲ. ನೋಡಿದ್ದು ನಾಲ್ಕೇ ಚಿತ್ರ, ಗೀಚಿದ್ದು ಹನ್ನೊಂದು ಪುಟ. ಆ ಜಾತ್ರೆಯಲ್ಲಿ ನಿಂತು ಚಿತ್ರ ಬಿಡಿಸೋದು ಆಗದ ಮಾತು ಅಂದವರು ನನ್ನ ಜೊತೆಯ ಡ್ರಾಯಿಂಗ್ ಮೇಷ್ಟ್ರುಗಳೇ. "ಪ್ಯಾರಿಸ್‌ಗೆ ಹೋಗಿ ಫೋನ್ ಲಾಕರ್‌ನಲ್ಲಿ ಇಡ್ತೀರಾ ಸಾರ್?" ಅಂತ ಕೇಳಿದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಹೋಗಿದ್ದು 2018ರಲ್ಲಿ, ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸಕ್ಕೆ ಸೇರಿದ ವರ್ಷ. ಲೂವ್ರ್‌ಗೆ ಒಂದು ಕೋಟಿಗೂ ಜಾಸ್ತಿ ಜನ ಬಂದ ವರ್ಷವೂ ಅದೇ. ಟಿಕೆಟ್ 17 ಯೂರೋ, ಆಗಿನ ಲೆಕ್ಕಕ್ಕೆ 1,300 ರೂಪಾಯಿ ಚಿಲ್ಲರೆ. ಇನ್ನೂರಕ್ಕೂ ಹೆಚ್ಚು ಫೋಟೋ ಹೊಡೆದೆ. ಮೋನಾಲಿಸಾ ಇರೋದೇ 77 ಸೆಂಟಿಮೀಟರ್ ಎತ್ತರ, 53 ಅಗಲ. ನನ್ನ ಫೋಟೋಗಳಲ್ಲಿ ಆಕೆಗಿಂತ ಮುಂದಿನವರು ಎತ್ತಿ ಹಿಡಿದ ಫೋನುಗಳೇ ದೊಡ್ಡದಾಗಿ ಬಿದ್ದಿದ್ದವು. ಊರಿಗೆ ಬಂದ ಮೇಲೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಯಾವ ಕೈ ಮೇಲಿದೆ? ಎಡಗೈಯೋ, ಬಲಗೈಯೋ?" ಉತ್ತರ ಹೇಳಲು ಫೋನ್ ತೆಗೆದು ನೋಡಬೇಕಾಯಿತು. ಮೂವತ್ತು ವರ್ಷ ಕೈಕಾಲು ಬರೆಯೋದನ್ನು ಕಲಿಸಿದವನಿಗೆ ಅದು ತುಂಬ ನೋವಾಯಿತು.

2022ರಲ್ಲಿ ಎರಡನೇ ಸಲ. ಈ ಸಾರಿ ದುಡ್ಡು ಸುರಿದರೆ ಆಗುತ್ತೆ ಅಂದುಕೊಂಡೆ. ಒಂದು ಟೂರ್ ಗುಂಪಿಗೆ ಸೇರಿದೆ, ಎಲ್ಲ ಸೇರಿ 60 ಯೂರೋ ಹತ್ತಿರ ಆಯಿತು. ಗೈಡ್ ಒಳ್ಳೆಯವನೇ, ಆದರೆ ಒಂದು ಚಿತ್ರಕ್ಕೆ ಎರಡು ನಿಮಿಷ ಕೊಟ್ಟರೆ ಹೆಚ್ಚು. ಜೊತೆಗೆ ಎ3 ಸೈಜಿನ ಸ್ಕೆಚ್‌ಬುಕ್ ಬೇರೆ ಒಯ್ದಿದ್ದೆ. ಅದನ್ನು ಬಿಚ್ಚಿದರೆ ಪಕ್ಕದವರಿಗೆ ಮೊಣಕೈ ತಾಗುತ್ತೆ, ಹಿಂದಿನವರು ಇಣುಕುತ್ತಾರೆ. ಎರಡು ಗೆರೆ ಎಳೆದು ಮುಚ್ಚಿದೆ. ಇದ್ದಿಲು ಪೆನ್ಸಿಲ್ ಅಂಗಿಗೆಲ್ಲ ಮೆತ್ತಿಕೊಂಡಿತು. ಆ ದಿನವೂ ದಂಡ.

ಆಮೇಲೆ ಊರಲ್ಲೇ ಅಭ್ಯಾಸ ಶುರು ಮಾಡಿದೆ. ಮೈಸೂರಿನ ಜಗನ್ಮೋಹನ ಅರಮನೆಗೆ ನಾಲ್ಕು ಭಾನುವಾರ ಹೋದೆ. ದೀಪ ಹಿಡಿದ ಮಹಿಳೆಯ ಚಿತ್ರ ಇದೆಯಲ್ಲ, ಅದರ ಮುಂದೆ. ಈಗಲೂ ಜನ ಅದನ್ನು ರವಿವರ್ಮನದು ಅಂತಾರೆ, ಅದು ಎಸ್.ಎಲ್. ಹಳದಣಕರ್ ಬರೆದ ನೀರುಬಣ್ಣ. ಗೋಡೆಗೆ ಒತ್ತಿ ನಿಂತು ಬಂದು ಹೋಗುವವರನ್ನು ಗಮನಿಸಿದೆ. ಜನ ಅಲೆ ಅಲೆಯಾಗಿ ಬರುತ್ತಾರೆ. ಒಂದು ಗುಂಪು ಬರುತ್ತೆ, ಮೂರ್ನಾಲ್ಕು ನಿಮಿಷ ಗಲಾಟೆ, ಹೋಗುತ್ತೆ. ಮುಂದಿನದು ಬರೋ ತನಕ ಒಂದೆರಡು ನಿಮಿಷ ಪೂರ್ತಿ ಖಾಲಿ. ಅಷ್ಟು ಹೊತ್ತು ನೋಡಬೇಕು, ಗುಂಪು ಅಡ್ಡ ಬಂದಾಗ ತಲೆ ತಗ್ಗಿಸಿ ನೆನಪಿನಿಂದ ಬರೆಯಬೇಕು. ಅಡ್ಡ ನಿಂತವರ ಮೇಲೆ ಸಿಟ್ಟೂ ಬರೋದಿಲ್ಲ, ಕೈಗೆ ಕೆಲಸ ಇರುತ್ತಲ್ಲ. ದೀಪಕ್ಕೆ ಅಡ್ಡ ಹಿಡಿದ ಬೆರಳ ಸಂದಿಯ ಕೆಂಪು ನನಗೆ ಕಂಡಿದ್ದೇ ಮೂರನೇ ಭಾನುವಾರ.

2025ರ ಮಾರ್ಚ್, ಶುಕ್ರವಾರ ಸಂಜೆ. ಬುಧವಾರ, ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತೆ, ಮಂಗಳವಾರ ರಜೆ. ಟಿಕೆಟ್ 22 ಯೂರೋ, ಎರಡು ಸಾವಿರ ರೂಪಾಯಿ ದಾಟಿತು. (2026ರ ಜನವರಿಯಿಂದ ನಮ್ಮಂಥ ಹೊರಗಿನವರಿಗೆ 32 ಯೂರೋ ಆಗಿದೆ. ಹೋಗುವವರು ಲೆಕ್ಕ ಹಾಕಿಕೊಳ್ಳಿ.) ಟಿಕೆಟ್ ಫೋನಿನಲ್ಲೇ ಇದ್ದರೆ ಫೋನ್ ಬಿಡೋಕಾಗಲ್ಲ, ಹಾಗಾಗಿ ಕಾಗದದ ಮೇಲೆ ಪ್ರಿಂಟ್ ತೆಗೆಸಿದ್ದೆ. ಕೈಗಡಿಯಾರ ಕಟ್ಟಿದ್ದೆ. "ಅಪ್ಪಾ, ಕಳೆದುಹೋದ್ರೆ ಹೇಗೆ ಹುಡುಕ್ಲಿ?" ಅಂತ ಮಗಳಿಗೆ ಭಯ. ಎಂಟೂಮುಕ್ಕಾಲಿಗೆ ಗಾಜಿನ ಪಿರಮಿಡ್ ಕೆಳಗೆ ಸಿಗೋಣ ಅಂದೆ. ಲಾಕರ್‌ಗೆ ದುಡ್ಡಿಲ್ಲ. ಜೇಬಿನ ಪುಸ್ತಕ, ಎರಡು 2ಬಿ ಪೆನ್ಸಿಲ್ ಅಷ್ಟೇ ಒಳಗೆ.

ಯಾವ ಬಾಗಿಲಿಂದ, ಎಷ್ಟು ಗಂಟೆಗೆ ಒಳಗೆ ಹೋದೆ ಅಂತ ಹೇಳಲ್ಲ. ಎರಡು ಸಲ ಸೋತು ಕಂಡುಕೊಂಡಿದ್ದು ಅದು.

ಮೋನಾಲಿಸಾ ಕೋಣೆಗೆ ಹೋಗುವ ಉದ್ದನೆಯ ಗ್ಯಾಲರಿಯಲ್ಲೇ, ಆಕೆಯನ್ನು ಬರೆದ ಲಿಯೊನಾರ್ಡೊನ ಬೇರೆ ಚಿತ್ರಗಳಿವೆ. ಜನ ಅವುಗಳ ಮುಂದೆ ನಡೆದುಕೊಂಡೇ ಹೋಗುತ್ತಾರೆ. ಯೇಸುವಿನ ಅಜ್ಜಿ ಸಂತ ಆ್ಯನ್‌ಳ ಚಿತ್ರದ ಮುಂದೆ ಇಪ್ಪತ್ತು ನಿಮಿಷ ನಿಂತೆ. ಮಗು ಯೇಸು ಕುರಿಮರಿಯ ಕಿವಿ ಹಿಡಿದಿದೆ, ತಾಯಿ ಮೇರಿ ಮಗುವನ್ನು ಎಳೆದುಕೊಳ್ಳಲು ಬಾಗಿದ್ದಾಳೆ. ಆ ಬಾಗಿದ ಬೆನ್ನಿನ ಗೆರೆ ಆರು ಸಲ ಬರೆದೆ, ಆರನೆಯದು ಸರಿ ಬಂತು. ಆಮೇಲೆ ಬೆರಳು ಮೇಲೆತ್ತಿ ನಗುವ ಸಂತ ಜಾನ್.

ಕೊನೆಗೆ ಆ ಕೋಣೆ. ಎಲ್ಲರ ಫೋನೂ ಮೋನಾಲಿಸಾ ಕಡೆ. ನಾನು ಆಕೆಗೆ ಬೆನ್ನು ಹಾಕಿ ನಿಂತೆ. ಎದುರು ಗೋಡೆಯಲ್ಲಿ ಚಿತ್ರಕಾರ ವೆರೊನೀಸೆಯ 'ಕಾನಾ ಊರಿನ ಮದುವೆ', ಯೇಸು ಅತಿಥಿಯಾಗಿ ಹೋದ ಬೈಬಲ್ ಕಥೆಯ ಮದುವೆ, ಅಗಲ ಹತ್ತಿರ ಹತ್ತು ಮೀಟರ್. 1797ರಲ್ಲಿ ನೆಪೋಲಿಯನ್‌ನ ಸೈನ್ಯ ವೆನಿಸ್‌ನಿಂದ ಹೊತ್ತು ತಂದಿದ್ದು. ನಮ್ಮ ಮದುವೆ ಮನೆಯ ಊಟದ ಪಂಕ್ತಿಯೇ! ಬಲಗಡೆ ಕಲ್ಲಿನ ಪಾತ್ರೆಯನ್ನು ಬೆಕ್ಕು ಪರಚುತ್ತಿದೆ. ವಾದ್ಯದವರ ಮೇಜಿನ ಮೇಲೆ ಮರಳಿನ ಗಡಿಯಾರ. ಮಹಡಿಯಲ್ಲಿ, ನೇರ ಯೇಸುವಿನ ತಲೆಯ ಮೇಲೆ, ಮಾಂಸ ಕೊಚ್ಚುತ್ತಿದ್ದಾರೆ. ಹತ್ತು ನಿಮಿಷ ಆದ ಮೇಲೆ ಅದು ಕಂಡಿತು. ನನ್ನ ಪೆನ್ಸಿಲ್ ನೋಡಿ ಇಬ್ಬರು ತಿರುಗಿದರು, ಆಮೇಲೆ ಇನ್ನೂ ನಾಲ್ಕು ಜನ ತಿರುಗಿ ನೋಡತೊಡಗಿದರು. ಆ ಖುಷಿ ಹೇಳಲಾರೆ.

ಮುಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆ ಮೋನಾಲಿಸಾ ಸಾಲಿಗೆ ಸೇರಿದೆ. ಮುಖ ನೋಡಲೇ ಇಲ್ಲ. ಸಿಕ್ಕ ಒಂದು ನಿಮಿಷವನ್ನೂ ಕೈಗೆ ಕೊಟ್ಟೆ. ಬಲಗೈ ಮೇಲೆ. ಎಡ ಮಣಿಕಟ್ಟಿನ ಮೇಲೆ ಒತ್ತಿಲ್ಲ, ಸುಮ್ನೆ ಇಟ್ಟಿದ್ದಾಳೆ.

ಮುಂದೆ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ. ಅಲ್ಲಿ ಫೋಟೋ ತೆಗೆಯೋದೇ ನಿಷೇಧ, ಸೋಮವಾರದಿಂದ ಶನಿವಾರ ಸಂಜೆ 6ರಿಂದ 8 ಪುಕ್ಕಟೆ. ಎರಡು ಸಂಜೆ ಪೂರ್ತಿ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ಗೇ ಇಟ್ಟಿದ್ದೇನೆ. ಮಗಳು ಈ ಸಲ ಅವಳಿಗೂ ಒಂದು ಜೇಬಿನ ಪುಸ್ತಕ ತರೋಕೆ ಹೇಳಿದ್ದಾಳೆ.